ಕಡಲಡಿಯ ಬೆಟ್ಟದಲ್ಲಿ ಯಾರು, ಎಲ್ಲಿ, ಯಾಕೆ?

(ಕರಾವಳಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಅಂತ ಒಂದು ಊರಿದೆ. ಅಲ್ಲಿಂದ ನೈರುತ್ಯಕ್ಕೆ ಸುಮಾರು 130 ಕಿಲೋಮೀಟರ್ ಹೋದರೆ ಪೆಸಿಫಿಕ್ ಸಾಗರದ ಅಡಿಯಲ್ಲಿ ಒಂದು ಬೆಟ್ಟ ಸಿಗುತ್ತದೆ. ಅದರ ಹೆಸರು ಡೇವಿಡ್ಸನ್. ಬುಡದಿಂದ ತುದಿಗೆ ಸುಮಾರು 2,280 ಮೀಟರ್ ಎತ್ತರ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್ ಮಾತ್ರ. ಇಷ್ಟು ದೊಡ್ಡ ಬೆಟ್ಟದ ಮೇಲೆ ಹಡಗು ಹೋದರೂ ಹಡಗಿನವರಿಗೆ ಏನೂ ಕಾಣುವುದಿಲ್ಲ. ಯಾಕೆಂದರೆ ಬೆಟ್ಟದ ತುದಿಯೇ ನೀರಿನ ಮೇಲ್ಮೈಯಿಂದ 1,250 ಮೀಟರ್ ಕೆಳಗಿದೆ.

ಈ ಬೆಟ್ಟ ನಕ್ಷೆಗೆ ಬಂದಿದ್ದು 1933ರಲ್ಲಿ. ಅದರ ಮೇಲೆ ಏನೇನು ಬದುಕುತ್ತಿದೆ ಅಂತ ಕ್ಯಾಮೆರಾ ಇಳಿಸಿ ಚೆನ್ನಾಗಿ ನೋಡಿದ್ದು 2002ರಲ್ಲಿ. 2006ರಲ್ಲಿ ಮತ್ತೆ ಹೋದರು. 2008ರಲ್ಲಿ ಅದನ್ನು ಮಾಂಟೆರೆ ಕೊಲ್ಲಿಯ ರಾಷ್ಟ್ರೀಯ ಸಾಗರ ರಕ್ಷಿತ ಪ್ರದೇಶಕ್ಕೆ ಸೇರಿಸಿದರು. ಇಷ್ಟೆಲ್ಲ ಆದ ಮೇಲೆ, 2018ರ ಅಕ್ಟೋಬರ್‌ನಲ್ಲಿ, ಬೆಟ್ಟದ ಬುಡದ ಹತ್ತಿರದ ಒಂದು ಸಣ್ಣ ಗುಡ್ಡದಲ್ಲಿ ಆಕ್ಟೋಪಸ್‌ಗಳ ದೊಡ್ಡ ಗುಂಪೊಂದು ಕಂಡಿತು. ಒಂದರ ಪಕ್ಕ ಒಂದು, ಮೊಟ್ಟೆ ಕಾಯುತ್ತಾ ಕೂತಿದ್ದವು. ಜಗತ್ತಿನಲ್ಲಿ ಇಲ್ಲಿಯವರೆಗೆ ಗೊತ್ತಿರುವ ಆಕ್ಟೋಪಸ್ ಗುಂಪುಗಳಲ್ಲಿ ಇದೇ ಅತಿ ದೊಡ್ಡದು.

ನಕ್ಷೆಗೆ ಬಂದು 85 ವರ್ಷ ಆಗಿತ್ತು. ಅದೂ ದುಡ್ಡಿರುವ ದೇಶದ ಬೆಟ್ಟ, ಒಳ್ಳೆಯ ಸಂಶೋಧನಾ ಸಂಸ್ಥೆಯೊಂದರ ಎದುರಿಗೇ ಇರುವ ಬೆಟ್ಟ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಈ 85 ವರ್ಷದ ಅಂತರದ ಬಗ್ಗೆ. ಬೆಟ್ಟ ಎಲ್ಲಿದೆ ಅಂತ ತಿಳಿಯುವುದಕ್ಕೂ, ಅಲ್ಲಿ ಯಾರು, ಯಾವ ಜಾಗದಲ್ಲಿ, ಯಾಕೆ ಬದುಕುತ್ತಾರೆ ಅಂತ ತಿಳಿಯುವುದಕ್ಕೂ ನಡುವೆ ಬಹಳ ದೂರ ಇದೆ. ಈ ದೂರವನ್ನು ಮರೆತು ನಿರ್ಧಾರ ತೆಗೆದುಕೊಂಡರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಈಗ ಅಂಥದ್ದೊಂದು ನಿರ್ಧಾರ ನಮ್ಮ ದೇಶದ ಮುಂದೆಯೂ ಇದೆ.

ಮೊದಲು ಬೆಟ್ಟಗಳನ್ನು ಹುಡುಕುವ ವಿಷಯ. ಇಂಥ ಬೆಟ್ಟಗಳಲ್ಲಿ ಹೆಚ್ಚಿನವು ಆರಿಹೋದ ಜ್ವಾಲಾಮುಖಿಗಳು. ಡೇವಿಡ್ಸನ್ ಕೂಡ ಹಾಗೇ, ಸುಮಾರು ಒಂದು ಕೋಟಿ ವರ್ಷ ಹಿಂದಿನ ಲಾವಾದಿಂದ ಆಗಿದ್ದು. ಇವುಗಳನ್ನು ಹುಡುಕಲು ಈಗ ಉಪಗ್ರಹ ಬಳಸುತ್ತಾರೆ. ಉಪಗ್ರಹಕ್ಕೆ ಸಮುದ್ರದ ಅಡಿ ಕಾಣುವುದಿಲ್ಲ. ಆದರೆ ಬೆಟ್ಟದ ಕಲ್ಲಿನ ರಾಶಿ ಸುತ್ತಲಿನ ನೀರನ್ನು ತನ್ನ ಗುರುತ್ವದಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಬೆಟ್ಟದ ಮೇಲಿನ ಸಮುದ್ರ ಸ್ವಲ್ಪ ಉಬ್ಬಿರುತ್ತದೆ. ದೊಡ್ಡ ಬೆಟ್ಟವಾದರೆ ಒಂದೆರಡು ಮೀಟರ್. ಈ ಉಬ್ಬು ಅನೇಕ ಕಿಲೋಮೀಟರ್ ಅಗಲಕ್ಕೆ ಹರಡಿರುವುದರಿಂದ ಹಡಗಿನವರಿಗೆ ಗೊತ್ತೇ ಆಗುವುದಿಲ್ಲ. ಉಪಗ್ರಹದ ರೇಡಾರ್‌ಗೆ ಗೊತ್ತಾಗುತ್ತದೆ. ಹೀಗೆ ಅಳೆದು 2023ರಲ್ಲಿ ಪ್ರಕಟಿಸಿದ ಒಂದು ಪಟ್ಟಿಯಲ್ಲಿ ಹೊಸದಾಗಿ 19,000ಕ್ಕೂ ಹೆಚ್ಚು ಬೆಟ್ಟಗಳು ಸೇರಿದವು. ಒಟ್ಟು ಸಂಖ್ಯೆ 43,000 ದಾಟಿತು.

ಇಷ್ಟು ಬೆಟ್ಟಗಳಲ್ಲಿ ಜೀವಿಗಳ ಅಧ್ಯಯನ ನಡೆದಿರುವುದು ಕೆಲವು ನೂರರಲ್ಲಿ ಮಾತ್ರ. ಜೀವಿಗಳ ಮಾತು ಹಾಗಿರಲಿ, ಆಕಾರವೂ ನಮಗೆ ಪೂರ್ತಿ ಗೊತ್ತಿಲ್ಲ. ಜಗತ್ತಿನ ಸಮುದ್ರ ತಳದಲ್ಲಿ ಹಡಗಿನ ಸೋನಾರ್‌ನಿಂದ, ಅಂದರೆ ಶಬ್ದ ಕಳಿಸಿ ಆಳ ಅಳೆಯುವ ಸಾಧನದಿಂದ, ಸರಿಯಾಗಿ ಅಳೆದಿರುವುದು ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2005ರ ಜನವರಿಯಲ್ಲಿ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿ ‘ಸ್ಯಾನ್ ಫ್ರಾನ್ಸಿಸ್ಕೋ’ ಗುವಾಮ್ ದ್ವೀಪದ ದಕ್ಷಿಣದಲ್ಲಿ ಇಂಥ ಬೆಟ್ಟವೊಂದಕ್ಕೆ ವೇಗವಾಗಿ ಗುದ್ದಿತು. ಒಬ್ಬ ನಾವಿಕ ಸತ್ತ, ಹಲವರು ಗಾಯಗೊಂಡರು. ಅವರು ನೋಡುತ್ತಿದ್ದ ನಕ್ಷೆಯಲ್ಲಿ ಆ ಬೆಟ್ಟವೇ ಇರಲಿಲ್ಲ.

ಉಪಗ್ರಹ ತೋರಿಸಿದ ಜಾಗಕ್ಕೆ ಹಡಗು ಹೋಗುತ್ತದೆ. ಹಡಗಿನ ಅಡಿಯಲ್ಲಿರುವ ಸೋನಾರ್ ಬೀಸಣಿಗೆಯಂತೆ ಅಗಲಕ್ಕೆ ಶಬ್ದ ಕಳಿಸುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. 3,000 ಮೀಟರ್ ಆಳದ ತಳ ಮುಟ್ಟಿ ವಾಪಸ್ ಬರಲು ನಾಲ್ಕು ಸೆಕೆಂಡ್ ಬೇಕು. ಬಂದ ಸಮಯ ನೋಡಿ ಆಳ ಹೇಳುತ್ತಾರೆ. ಶಬ್ದ ಎಷ್ಟು ಗಟ್ಟಿಯಾಗಿ ವಾಪಸ್ ಬಂತು ಅಂತಲೂ ನೋಡುತ್ತಾರೆ. ಬಂಡೆಯಿಂದ ಗಟ್ಟಿಯಾಗಿ ಬರುತ್ತದೆ, ಕೆಸರಿನಿಂದ ಮೆತ್ತಗೆ. ಬೇರೂರಿ ನಿಲ್ಲುವ ಜೀವಿಗಳಿಗೆ ಬಂಡೆ ಬೇಕು, ಹಾಗಾಗಿ ಈ ಎರಡನೆಯ ಮಾಹಿತಿ ನಮಗೆ ಬಹಳ ಮುಖ್ಯ.

ಆದರೆ ಹಡಗಿನಲ್ಲಿ ಕೂತು ಮಾಡಿದ ಈ ನಕ್ಷೆಯಲ್ಲಿ, ಅಷ್ಟು ಆಳದಲ್ಲಿ, ಒಂದು ಚುಕ್ಕೆ ಎಂದರೆ ಸುಮಾರು 50 ಮೀಟರ್ ಅಗಲದ ಜಾಗ. ಅಂದರೆ ಈ ಸಭಾಂಗಣವೆಲ್ಲ ಸೇರಿ ಒಂದು ಚುಕ್ಕೆಯೂ ಆಗುವುದಿಲ್ಲ. ಅದರೊಳಗೆ ಹವಳ ಇದೆಯೋ, ಸ್ಪಂಜು (ಬಂಡೆಗೆ ಅಂಟಿಕೊಂಡು ನೀರು ಸೋಸಿ ತಿನ್ನುವ ಪ್ರಾಣಿ) ಇದೆಯೋ, ಖಾಲಿ ಕಲ್ಲೋ, ಏನೂ ಹೇಳಲು ಬರುವುದಿಲ್ಲ. ಅದಕ್ಕೆ ಕೆಳಗೆ ಇಳಿದೇ ನೋಡಬೇಕು.

2002ರಲ್ಲಿ ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಹಡಗು ‘ವೆಸ್ಟರ್ನ್ ಫ್ಲೈಯರ್’ ಡೇವಿಡ್ಸನ್ ಮೇಲೆ ನಿಂತು ‘ಟಿಬುರಾನ್’ ಎಂಬ ರೋಬೋಟ್ ವಾಹನವನ್ನು ಇಳಿಸಿತು. ಅದರಲ್ಲಿ ಜನ ಇರುವುದಿಲ್ಲ. ಉದ್ದದ ಕೇಬಲ್‌ನಲ್ಲಿ ಹಡಗಿಗೆ ಕಟ್ಟಿರುತ್ತಾರೆ. ಕರೆಂಟು, ವಿಡಿಯೋ, ಚಾಲಕನ ಆದೇಶ ಎಲ್ಲವೂ ಆ ಕೇಬಲ್‌ನಲ್ಲೇ ಓಡಾಡುತ್ತವೆ. ಆಳಕ್ಕೆ ಪ್ರತಿ 10 ಮೀಟರ್‌ಗೆ ನಮ್ಮ ವಾತಾವರಣದ ಒತ್ತಡದಷ್ಟು ಒತ್ತಡ ಹೆಚ್ಚುತ್ತದೆ. ಬೆಟ್ಟದ ತುದಿಯಲ್ಲೇ ಒತ್ತಡ ಸುಮಾರು 125 ಪಟ್ಟು. ಬೆಳಕಂತೂ ಇಲ್ಲ. ಸೂರ್ಯನ ಬೆಳಕು 1,000 ಮೀಟರ್ ದಾಟುವುದಿಲ್ಲ. ವಾಹನದ ದೀಪ ಬಿದ್ದಷ್ಟು ಜಾಗ ಮಾತ್ರ ಕಾಣುತ್ತದೆ, ಅಂದರೆ ಕೆಲವೇ ಮೀಟರ್.

ಹೀಗೆ ನೋಡುವುದಕ್ಕೆ ಒಂದು ಶಿಸ್ತು ಇದೆ. ಸುಮ್ನೆ ಚಂದ ಇದ್ದ ಕಡೆ ಕ್ಯಾಮೆರಾ ತಿರುಗಿಸಿದರೆ ಅದು ಪ್ರವಾಸ ಆಗುತ್ತದೆ, ಅಧ್ಯಯನ ಆಗುವುದಿಲ್ಲ. ಮೊದಲೇ ಗೆರೆ ಹಾಕಿಕೊಂಡು, ಆ ಗೆರೆಯ ಮೇಲೇ, ಒಂದೇ ವೇಗದಲ್ಲಿ, ತಳದಿಂದ ಒಂದೇ ಎತ್ತರದಲ್ಲಿ ಹೋಗಬೇಕು. ಕ್ಯಾಮೆರಾ ಪಕ್ಕ ಎರಡು ಲೇಸರ್ ದೀಪ ಇರುತ್ತವೆ. ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಕಲ್ಲಿನ ಮೇಲೆ ಬಿದ್ದ ಆ ಎರಡು ಕೆಂಪು ಚುಕ್ಕೆ ನೋಡಿ ಹವಳದ ಎತ್ತರ ಎಷ್ಟು, ಒಂದು ಚದರ ಮೀಟರ್‌ನಲ್ಲಿ ಎಷ್ಟು ಸ್ಪಂಜು ಅಂತ ಲೆಕ್ಕ ಹಾಕಬಹುದು. ಏನೂ ಇಲ್ಲದ ಜಾಗವನ್ನೂ ಬರೆದುಕೊಳ್ಳಬೇಕು. ಇದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ. ಹವಳ ಎಲ್ಲಿ ಇಲ್ಲ ಅಂತ ಗೊತ್ತಾಗದೆ, ಎಲ್ಲಿ ಯಾಕಿದೆ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಅಷ್ಟೂ ವಿಡಿಯೋವನ್ನು ದಡದಲ್ಲಿ ಕೂತು ನೋಡಬೇಕು. ಪ್ರತಿಯೊಂದು ಜೀವಿಗೂ ಹೆಸರು, ಸಮಯ, ಆಳ, ನೀರಿನ ತಾಪಮಾನ, ಆಮ್ಲಜನಕ, ಕೆಳಗಿನ ಕಲ್ಲಿನ ಬಗೆ, ಎಲ್ಲ ಬರೆಯಬೇಕು. ಸಮುದ್ರದಲ್ಲಿ ಕಳೆದ ಒಂದು ದಿನಕ್ಕೆ ದಡದಲ್ಲಿ ಎಷ್ಟೋ ದಿನಗಳ ಕೆಲಸ ಹುಟ್ಟುತ್ತದೆ. ಇದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಆದರೆ ನಿಜವಾದ ಅಧ್ಯಯನ ಅಂದರೆ ಇದೇ ಅಂತ ನಾನು ನಂಬಿದ್ದೇನೆ.

ಹಾಗೆ ನೋಡಿದಾಗ ಡೇವಿಡ್ಸನ್‌ನಲ್ಲಿ ಕಂಡಿದ್ದೇನು? ಬೆಟ್ಟದ ತುದಿ ಮತ್ತು ಏಣುಗಳ ಮೇಲೆ ದೊಡ್ಡ ದೊಡ್ಡ ಹವಳಗಳ ತೋಪು. ಆಳಕಡಲ ಈ ಹವಳಗಳಿಗೂ ಲಕ್ಷದ್ವೀಪದ ಹವಳಗಳಿಗೂ ಬದುಕುವ ರೀತಿಯಲ್ಲೇ ವ್ಯತ್ಯಾಸ ಇದೆ. ಲಕ್ಷದ್ವೀಪದ್ದು ಬೆಳಕು ನಂಬಿ ಬದುಕುತ್ತವೆ, ಅವುಗಳ ಮೈಯೊಳಗೆ ಪಾಚಿ ಇರುತ್ತದೆ. ಇವುಗಳಿಗೆ ಬೆಳಕೇ ಇಲ್ಲ. ನೀರಿನಲ್ಲಿ ತೇಲಿಬರುವ ಸಣ್ಣ ಜೀವಿಗಳು, ಮೇಲಿಂದ ಉದುರುವ ಸತ್ತ ಚೂರುಗಳು, ಇವೇ ಊಟ. ನಡೆದು ಹೋಗಿ ತರಲು ಆಗುವುದಿಲ್ಲ. ಊಟವೇ ಅವುಗಳ ಹತ್ತಿರ ಬರಬೇಕು. ಹೊಳೆಯ ಸೆಳವಿಗೆ ಅಡ್ಡ ಬಲೆ ಕಟ್ಟುವವರು ಎಲ್ಲಿ ಕಟ್ಟುತ್ತಾರೆ ಅಂತ ನಿಮಗೆ ಗೊತ್ತು, ನೀರು ಜೋರಾಗಿ ಹರಿಯುವ ಕಡೆ ಅಲ್ವಾ? ಹವಳವೂ ಅದನ್ನೇ ಮಾಡುತ್ತದೆ. ಬೆಟ್ಟ ಅಡ್ಡ ಬಂದಾಗ ಪ್ರವಾಹ ಏಣಿನ ಮೇಲೆ ವೇಗ ಪಡೆಯುತ್ತದೆ. ಅಲ್ಲಿ ಕೆಸರು ನಿಲ್ಲುವುದಿಲ್ಲ, ಬಂಡೆ ತೊಳೆದಂತಿರುತ್ತದೆ, ಊಟ ಜಾಸ್ತಿ ಬರುತ್ತದೆ. ಬೀಸಣಿಗೆಯಂತೆ ಹರಡಿದ ಹವಳಗಳು ಪ್ರವಾಹಕ್ಕೆ ಎದುರಾಗಿ ನಿಂತಿರುತ್ತವೆ. ಅವು ನಿಂತ ದಿಕ್ಕು ನೋಡಿಯೇ ಅಲ್ಲಿ ನೀರು ಯಾವ ಕಡೆ ಹರಿಯುತ್ತದೆ ಅಂತ ಊಹಿಸಬಹುದು.

ಆ ಹವಳದ ಕೊಂಬೆಗಳಲ್ಲಿ ಬೇರೆಯವರ ಸಂಸಾರ ನಡೆದಿರುತ್ತದೆ. ಏಡಿಗಳು, ಸೀಗಡಿಗಳು, ನಕ್ಷತ್ರಮೀನಿನ ಜಾತಿಯ ತೆಳ್ಳನೆಯ ತೋಳಿನ ಜೀವಿಗಳು ಕೊಂಬೆ ಹತ್ತಿ ಕೂರುತ್ತವೆ. ಎತ್ತರಕ್ಕೆ ಹೋದಷ್ಟೂ ಸೆಳವು ಜಾಸ್ತಿ, ಊಟ ಜಾಸ್ತಿ. ಹಾಗಾಗಿ ಒಂದು ಹವಳ ಹೋದರೆ ಒಂದು ಜೀವಿ ಮಾತ್ರ ಹೋಗುವುದಿಲ್ಲ. ಅದನ್ನು ನಂಬಿದವರ ನೆಲೆಯೇ ಹೋಗುತ್ತದೆ.

ಈ ಹವಳಗಳ ವಯಸ್ಸಿನ ಬಗ್ಗೆ ಹೇಳದಿದ್ದರೆ ಮುಂದಿನ ಮಾತು ಅರ್ಥ ಆಗುವುದಿಲ್ಲ. ಬಿದಿರು ಹವಳ ಅಂತ ಒಂದು ಬಗೆ ಇದೆ, ಬಿದಿರಿನ ಹಾಗೆ ಗಂಟು ಗಂಟು. ಡೇವಿಡ್ಸನ್‌ನ ಬಿದಿರು ಹವಳಗಳ ಕಾಂಡ ಕೊಯ್ದು ವಯಸ್ಸು ಅಳೆದಾಗ 200 ವರ್ಷ ದಾಟಿದವು ಸಿಕ್ಕವು. ಹವಾಯಿ ಸುತ್ತಮುತ್ತ ಸುಮಾರು 400–500 ಮೀಟರ್ ಆಳದಿಂದ ತೆಗೆದ ಒಂದು ಕಪ್ಪು ಹವಳದ ವಯಸ್ಸು 4,000 ವರ್ಷಕ್ಕೂ ಜಾಸ್ತಿ ಅಂತ ವಿಕಿರಣ ಇಂಗಾಲದ ಅಳತೆಯಿಂದ ಗೊತ್ತಾಯಿತು. ಅದು 2009ರಲ್ಲಿ ಪ್ರಕಟವಾದ ಅಧ್ಯಯನ. ನಮ್ಮ ಐಹೊಳೆಯ ಗುಡಿಗಳಿಗಿಂತ ಎಷ್ಟೋ ಹಳೆಯ ಜೀವ ಅದು. ಅದೂ ತೆಗೆಯುವಾಗ ಜೀವಂತವಾಗಿತ್ತು.

ಇನ್ನೊಂದು ವಿಷಯ. ತುಂಬಾ ಕಾಲ ಒಂದು ನಂಬಿಕೆ ಇತ್ತು. ಕಡಲಡಿಯ ಪ್ರತಿ ಬೆಟ್ಟವೂ ಒಂದು ದ್ವೀಪ, ಅಲ್ಲಿರುವ ಜೀವಿಗಳು ಬೇರೆಲ್ಲೂ ಇರುವುದಿಲ್ಲ ಅಂತ. ಕೇಳಲು ಚೆನ್ನಾಗಿತ್ತು. ಡೇವಿಡ್ಸನ್ ವಿಡಿಯೋಗಳನ್ನು ಹತ್ತಿರದಲ್ಲಿ ಕಡಲಡಿಯಲ್ಲೇ ಇರುವ ಮಾಂಟೆರೆ ಕಣಿವೆಯ ವಿಡಿಯೋಗಳ ಜೊತೆ ಇಟ್ಟು ನೋಡಿದಾಗ, ಹೆಚ್ಚಿನ ಜೀವಿಗಳು ಎರಡೂ ಕಡೆ ಇದ್ದವು. ಬೇರೆ ಇದ್ದದ್ದು ಪ್ರಮಾಣ. ಕಣಿವೆಯಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಹವಳ, ಸ್ಪಂಜುಗಳು ಬೆಟ್ಟದ ಮೇಲೆ ದಟ್ಟವಾಗಿದ್ದವು. ಹಾಗಾದರೆ ಬೆಟ್ಟದ ಬೆಲೆ ಕಮ್ಮಿ ಆಯಿತಾ? ನನ್ನ ಪ್ರಕಾರ ಹೆಚ್ಚಾಯಿತು. ಸುತ್ತಲಿನ ಬಡ ಜಾಗಗಳಿಗೆ ಮರಿಗಳನ್ನು ಕಳಿಸುವ ತವರು ಇಂಥ ಬೆಟ್ಟವೇ ಆಗಿರಬಹುದು. ಆ ಸಾಧ್ಯತೆಯನ್ನು ಈ ಅಧ್ಯಯನ ಮಾಡಿದವರೇ ಮುಂದಿಟ್ಟಿದ್ದಾರೆ.

ಎತ್ತರ, ಬಂಡೆ, ಸೆಳವು ಇದ್ದರೆ ಸಾಕೇ? ಸಾಲದು. ಮೆಕ್ಸಿಕೋದ ಪಶ್ಚಿಮಕ್ಕೆ ವೋಲ್ಕೇನೋ 7 ಅಂತ ಒಂದು ಬೆಟ್ಟ ಇದೆ. ತುದಿ ಸುಮಾರು 730 ಮೀಟರ್ ಆಳದಲ್ಲಿದೆ. ಅಲ್ಲಿ ನೀರಿನ ನಡುವೆ ಆಮ್ಲಜನಕ ತೀರಾ ಕಮ್ಮಿ ಇರುವ ಒಂದು ದಪ್ಪ ಪದರ ಇದೆ. ಬೆಟ್ಟದ ತುದಿ ಆ ಪದರದೊಳಗೆ ಚುಚ್ಚಿಕೊಂಡಿದೆ. 1990ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತುತ್ತತುದಿಯಲ್ಲಿ ದೊಡ್ಡ ಜೀವಿಗಳು ಬಹಳ ಕಮ್ಮಿ. ಅಲ್ಲಿಂದ ಸ್ವಲ್ಪವೇ ಕೆಳಗೆ, ಆಮ್ಲಜನಕ ಚೂರು ಹೆಚ್ಚಾದ ಕೂಡಲೇ, ಜೀವಿಗಳ ಸಂತೆ. ಒಂದೇ ಬೆಟ್ಟ, ಒಂದೇ ಬಗೆಯ ಕಲ್ಲು, ಕೆಲವು ಹತ್ತು ಮೀಟರ್ ವ್ಯತ್ಯಾಸ.

ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ನಮ್ಮ ಅರಬ್ಬಿ ಸಮುದ್ರದಲ್ಲೂ ಅಂಥ ಪದರ ಇದೆ. ಸುಮಾರು 150 ಮೀಟರ್‌ನಿಂದ 1,000 ಮೀಟರ್ ಕೆಳಗಿನವರೆಗೂ ಹರಡಿರುವ ಅದು ಜಗತ್ತಿನ ಅತಿ ದಪ್ಪದ ಪದರಗಳಲ್ಲಿ ಒಂದು. ನಮ್ಮ ಪಶ್ಚಿಮ ಕರಾವಳಿಯಿಂದ ಆಚೆ, ಲಕ್ಷ್ಮಿ ಜಲಾನಯನ ಅನ್ನುವ ಆಳದ ಪ್ರದೇಶದಲ್ಲಿ ರಾಮನ್, ಪಣಿಕ್ಕರ್, ವಾಡಿಯಾ ಎಂಬ ಬೆಟ್ಟಗಳಿವೆ. ವಿಜ್ಞಾನಿ ಸಿ.ವಿ. ರಾಮನ್, ಕಡಲ ಜೀವಶಾಸ್ತ್ರಜ್ಞ ಎನ್.ಕೆ. ಪಣಿಕ್ಕರ್, ಭೂವಿಜ್ಞಾನಿ ಡಿ.ಎನ್. ವಾಡಿಯಾ ಅವರ ಹೆಸರು. ಇವುಗಳ ಕಲ್ಲು, ಕಾಂತಗುಣ, ಗುರುತ್ವದ ಬಗ್ಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕೆಲಸ ಮಾಡಿದ್ದಾರೆ. ಮೇಲೆ ಬದುಕುವವರ ಕಥೆ ಕೂಡ ಅಷ್ಟೇ ವಿವರವಾಗಿ ಬರಬೇಕು. ಈ ಕೊಠಡಿಯಲ್ಲಿ ಕೂತವರಲ್ಲಿ ಯಾರಾದರೂ ಅದನ್ನು ಮಾಡಿದರೆ ನನಗೆ ಬಹಳ ಸಂತೋಷ.

ಈಗ ಆಕ್ಟೋಪಸ್‌ಗಳ ಹತ್ತಿರ ಬರೋಣ. 2018ರಲ್ಲಿ ‘ನಾಟಿಲಸ್’ ಎಂಬ ಹಡಗಿನ ತಂಡ ಡೇವಿಡ್ಸನ್‌ನ ಆಗ್ನೇಯಕ್ಕೆ, ಬುಡದ ಕಡೆ, ಸುಮಾರು 3,200 ಮೀಟರ್ ಆಳದಲ್ಲಿ ನೋಡುತ್ತಿತ್ತು. ಹವಳದ ತೋಪುಗಳಿರುವ ತುದಿಯಿಂದ ಬಹಳ ಕೆಳಗೆ. ಕಲ್ಲಿನ ಸಂದುಗಳಲ್ಲಿ ಮುತ್ತಿನಂತೆ ಹೊಳೆಯುವ ಆಕ್ಟೋಪಸ್‌ಗಳು ತಲೆಕೆಳಗಾಗಿ, ತೋಳುಗಳನ್ನು ಮೈಸುತ್ತ ಮಡಚಿ ಕೂತಿದ್ದವು. ಬಹುತೇಕ ಎಲ್ಲ ಹೆಣ್ಣುಗಳೇ, ಮೊಟ್ಟೆ ಕಾಯುವವು. ಹತ್ತಿರ ಹೋದಾಗ ಅವುಗಳ ಸುತ್ತ ನೀರು ಅಲುಗುತ್ತಾ ಮಿನುಗುವುದು ಕಂಡಿತು. ಬೆಚ್ಚಗಿನ ನೀರು ತಣ್ಣೀರಿಗೆ ಸೇರುವಾಗ ಹಾಗೆ ಕಾಣುತ್ತದೆ.

ಆಮೇಲೆ ಜೇಮ್ಸ್ ಬ್ಯಾರಿ ಅವರ ಮುಂದಾಳತ್ವದಲ್ಲಿ ಮಾಂಟೆರೆ ಸಂಸ್ಥೆಯವರು ಅಲ್ಲಿಗೆ ಮತ್ತೆ ಮತ್ತೆ ಹೋದರು. ಗೂಡುಗಳೊಳಗೆ ತಾಪಮಾಪಕ ಇಟ್ಟರು. ತಿಂಗಳುಗಟ್ಟಲೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಬಿಟ್ಟು ಬಂದರು. 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುತ್ತಲಿನ ನೀರು 1.6 ಡಿಗ್ರಿ. ಗೂಡುಗಳ ಒಳಗೆ 5 ಡಿಗ್ರಿ ಆಸುಪಾಸು, ಕೆಲವು ಸಂದುಗಳಲ್ಲಿ 11 ಡಿಗ್ರಿ ಹತ್ತಿರ. ಎರಡೂವರೆ ಹೆಕ್ಟೇರ್ ಜಾಗದಲ್ಲಿ ಸುಮಾರು 6,000 ಆಕ್ಟೋಪಸ್ ಎಣಿಸಿದರು. ಇಡೀ ಗುಡ್ಡದಲ್ಲಿ 20,000 ಅಥವಾ ಇನ್ನೂ ಜಾಸ್ತಿ ಇರಬಹುದು ಅಂತ ಅಂದಾಜು.

ಅವು ಅಲ್ಲೇ ಯಾಕೆ ಸೇರುತ್ತವೆ? ಮೊಟ್ಟೆ ತಣ್ಣೀರಿನಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಮಾಂಟೆರೆ ಕಣಿವೆಯಲ್ಲಿ 1,400 ಮೀಟರ್ ಆಳದಲ್ಲಿ ಬೇರೆ ಜಾತಿಯ ಒಂದು ತಾಯಿ ಆಕ್ಟೋಪಸ್ 53 ತಿಂಗಳು ಒಂದೇ ಬಂಡೆಯ ಮೇಲೆ ಮೊಟ್ಟೆ ಕಾಯ್ದಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. 3,200 ಮೀಟರ್ ಆಳದ ಚಳಿಯಲ್ಲಿ ಐದರಿಂದ ಎಂಟು ವರ್ಷ ಅಥವಾ ಇನ್ನೂ ಜಾಸ್ತಿ ಬೇಕಾಗಬಹುದಿತ್ತು. ಈ ಬೆಚ್ಚಗಿನ ಒರತೆಗಳಲ್ಲಿ ಎರಡು ವರ್ಷದೊಳಗೆ ಮರಿ ಹೊರಬರುತ್ತದೆ. ಕಾಯುವ ಕಾಲ ಕಮ್ಮಿ ಆದಷ್ಟೂ ಮೊಟ್ಟೆ ಉಳಿಯುವ ಸಂಭವ ಜಾಸ್ತಿ. ಮರಿ ಹೊರಬಂದ ಮೇಲೆ ತಾಯಿ ಸಾಯುತ್ತದೆ. ಆ ದೇಹ ಅಲ್ಲಿನ ಬಸವನಹುಳು, ಕಡಲಹೂ ಮುಂತಾದವರ ಊಟ. ಹೀಗೆ ಮೇಲಿನ ನೀರಿನಿಂದ ಉದುರುವುದರ ಜೊತೆಗೆ ಇನ್ನಷ್ಟು ಊಟ ಈ ಒಂದು ಜಾಗಕ್ಕೆ ಸೇರುತ್ತದೆ.

ಈಗ ಯೋಚಿಸಿ. ಈ ನೆಲೆಯನ್ನು ರೂಪಿಸಿದ್ದು ಕಲ್ಲಿನ ಸಂದಿನಿಂದ ಜಿನುಗುವ, ಕೆಲವೇ ಡಿಗ್ರಿ ಬೆಚ್ಚಗಿನ ನೀರು. ಉಪಗ್ರಹಕ್ಕೆ ಇದು ಕಾಣುವುದಿಲ್ಲ. ಸೋನಾರ್‌ಗೆ ಕಾಣುವುದಿಲ್ಲ. ಹಡಗಿನಿಂದ ಇಳಿಸುವ ತಾಪಮಾಪಕ ಪಕ್ಕದಲ್ಲೇ ಹೋದರೂ ಗೊತ್ತಾಗುವುದಿಲ್ಲ, ಒಂದೆರಡು ಅಡಿ ಆಚೆ ನೀರು ಮತ್ತೆ 1.6 ಡಿಗ್ರಿಯೇ. ಈಗ ನಾವು ಕಂಪ್ಯೂಟರ್‌ನಲ್ಲಿ ಆಳ, ಇಳಿಜಾರು, ಬಂಡೆಯ ಗಡಸುತನ, ಪ್ರವಾಹ ಎಲ್ಲ ಹಾಕಿ ಹವಳ ಎಲ್ಲಿರಬಹುದು ಅಂತ ಊಹೆಯ ನಕ್ಷೆ ಮಾಡುತ್ತೇವೆ. ಅದು ಒಳ್ಳೆಯ ಕೆಲಸ, ಬೇಕೇ ಬೇಕು. ಆದರೆ ನಮಗೆ ಗೊತ್ತಿಲ್ಲದ ಕಾರಣವನ್ನು ಕಂಪ್ಯೂಟರ್‌ಗೆ ಹಾಕಲು ಆಗುವುದಿಲ್ಲ. ಈ ಆಕ್ಟೋಪಸ್ ಗುಂಪನ್ನು ಅಂಥ ಯಾವ ನಕ್ಷೆಯೂ ಮೊದಲೇ ತೋರಿಸಲು ಸಾಧ್ಯ ಇರಲಿಲ್ಲ.

ನೋಡದೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಜಿಲೆಂಡ್ ಉದಾಹರಣೆ ಇದೆ. ಆ ದೇಶದ ಪೂರ್ವಕ್ಕೆ ಚಾಟಂ ದಿಬ್ಬದ ಮೇಲೆ ಸಣ್ಣ ಸಣ್ಣ ಬೆಟ್ಟಗಳ ಗುಂಪಿದೆ. ಆರೆಂಜ್ ರಫಿ ಎಂಬ ಮೀನು ಮೊಟ್ಟೆಯಿಡಲು ಇಂಥ ಬೆಟ್ಟಗಳ ಮೇಲೆ ಸೇರುತ್ತದೆ. ಆ ಮೀನು 100 ವರ್ಷಕ್ಕೂ ಜಾಸ್ತಿ ಬದುಕುತ್ತದೆ, ಮರಿ ಮಾಡುವ ವಯಸ್ಸಿಗೆ ಬರಲು ಮೂವತ್ತು ವರ್ಷದ ಹತ್ತಿರ ಬೇಕು. 1970ರ ದಶಕದ ಕೊನೆಯಿಂದ ದೊಡ್ಡ ಟ್ರಾಲರ್‌ಗಳು ಆ ದೇಶದ ಆಳನೀರಿನಲ್ಲಿ ಈ ಮೀನು ಹಿಡಿಯಲು ಶುರುಮಾಡಿದವು. ಭಾರವಾದ ಟ್ರಾಲ್ ಬಲೆಯನ್ನು ಬೆಟ್ಟದ ಮೇಲಿಂದ ಎಳೆದರೆ ಮೀನಿನ ಜೊತೆ ಹವಳವೂ ಕಿತ್ತು ಬರುತ್ತದೆ. ಅಲ್ಲಿನ ಮಾರ್ಗ್ ಎಂಬ ಬೆಟ್ಟವನ್ನು 2001ರಲ್ಲಿ ಟ್ರಾಲಿಂಗ್‌ಗೆ ಮುಚ್ಚಿದರು. ನ್ಯೂಜಿಲೆಂಡ್‌ನ ನಿವಾ ಸಂಸ್ಥೆಯವರು ಆ ವರ್ಷದಿಂದ 2015ರವರೆಗೆ ಹಲವು ಸಲ ಹೋಗಿ ಅದೇ ಗೆರೆಗಳ ಮೇಲೆ ಕ್ಯಾಮೆರಾ ಎಳೆದರು. ಪಕ್ಕದಲ್ಲೇ ಟ್ರಾಲ್ ಆಗದ ಬೆಟ್ಟಗಳಲ್ಲಿ ದಟ್ಟ ಹವಳ. ಮಾರ್ಗ್‌ನಲ್ಲಿ ಸುಮಾರು 15 ವರ್ಷ ಬಿಟ್ಟರೂ ಹವಳದ ದಿಬ್ಬ ಮರಳಿ ಬಂದ ಗುರುತಿಲ್ಲ.

ಪೆಸಿಫಿಕ್‌ನ ಉತ್ತರದಲ್ಲಿ, ಹವಾಯಿಯ ವಾಯವ್ಯದ ಬೆಟ್ಟಗಳಲ್ಲಿ, 30–40 ವರ್ಷ ಟ್ರಾಲ್ ನಿಂತ ಕಡೆ ಹವಳದ ಮರಿಗಳು ಹುಟ್ಟುತ್ತಿರುವುದು 2019ರ ಅಧ್ಯಯನದಲ್ಲಿ ಕಂಡಿದೆ. ಇದನ್ನೂ ಹೇಳಲೇಬೇಕು. ಆಸೆ ಇಲ್ಲದಿಲ್ಲ. ಆದರೆ ಬೇಕಾಗುವ ಕಾಲ ನೋಡಿ. ನನ್ನ ಅರ್ಧ ಆಯುಷ್ಯ ಕಳೆದರೆ ಅಲ್ಲಿ ಹವಳ ಒಂದು ಗೇಣು ಬೆಳೆದಿರುತ್ತದೆ.

ಈಗ ನಮ್ಮ ಮನೆಯ ವಿಷಯ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದಿಂದ ದಕ್ಷಿಣಕ್ಕೆ ಬಹುದೂರ, ಸಮಭಾಜಕ ದಾಟಿದ ಮೇಲೆ ಒಂದು ದೊಡ್ಡ ಬೆಟ್ಟಸಾಲು ಇದೆ. ಅದರ ಹೆಸರು ಅಫನಾಸಿ ನಿಕಿಟಿನ್. ಈ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬೇಕು. 15ನೇ ಶತಮಾನದಲ್ಲಿ ರಷ್ಯಾದ ತ್ವೇರ್‌ನಿಂದ ಬಂದು ನಮ್ಮ ಬೀದರ್‌ನಲ್ಲಿ ಇದ್ದು, ಬಹಮನಿ ಕಾಲದ ಬೀದರ್ ಹೇಗಿತ್ತು ಅಂತ ಬರೆದಿಟ್ಟ ವ್ಯಾಪಾರಿ ಅವನು. ಅವನ ಹೆಸರಿನ ಈ ಬೆಟ್ಟಸಾಲು ಸುಮಾರು 400 ಕಿಲೋಮೀಟರ್ ಉದ್ದ, 150 ಕಿಲೋಮೀಟರ್ ಅಗಲ. ಸುಮಾರು 4,800 ಮೀಟರ್ ಆಳದ ತಳದಿಂದ ಎದ್ದು 1,200 ಮೀಟರ್ ಆಳದವರೆಗೆ ಬಂದಿದೆ. ಇದರ ಬಂಡೆಗಳ ಮೇಲೆ ಕಬ್ಬಿಣ ಮತ್ತು ಮ್ಯಾಂಗನೀಸ್‌ನ ಕಪ್ಪು ಪದರ ಇದೆ, ಅದರಲ್ಲಿ ಕೋಬಾಲ್ಟ್ ಚೆನ್ನಾಗಿದೆ. ಬ್ಯಾಟರಿಗೆ ಕೋಬಾಲ್ಟ್ ಬೇಕು. 2024ರ ಜನವರಿಯಲ್ಲಿ ಭಾರತ ಇಲ್ಲಿ ಅನ್ವೇಷಣೆಗೆ ಅನುಮತಿ ಕೇಳಿ ಯಾವ ದೇಶಕ್ಕೂ ಸೇರದ ಸಮುದ್ರತಳದ ಖನಿಜಗಳನ್ನು ನೋಡಿಕೊಳ್ಳುವ, ಜಮೈಕಾದಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ಅರ್ಜಿ ಹಾಕಿತು. ಈ ಜಾಗ ತನ್ನ ವಿಸ್ತರಿತ ಸಮುದ್ರತಳದ ಹಕ್ಕಿನೊಳಗೆ ಬರುತ್ತದೆ ಅಂತ ಶ್ರೀಲಂಕಾ 2009ರಲ್ಲೇ ಕೇಳಿಕೊಂಡಿದೆ. ಆ ಜಗಳ ಒಂದು ಕಡೆ ಇರಲಿ.

ಜೀವಶಾಸ್ತ್ರದವರಿಗೆ ಕಾಣುವುದು ಬೇರೆ ಪ್ರಶ್ನೆ. ಈ ಕಪ್ಪು ಪದರ ಹತ್ತು ಲಕ್ಷ ವರ್ಷಕ್ಕೆ ಒಂದರಿಂದ ಐದು ಮಿಲಿಮೀಟರ್ ಬೆಳೆಯುತ್ತದೆ. ಕೆಸರು ಕೂರದ, ಸೆಳವು ತೊಳೆಯುವ ಬಂಡೆಗಳ ಮೇಲೆ ಮಾತ್ರ ಬೆಳೆಯುತ್ತದೆ. ಹವಳಕ್ಕೆ ಬೇಕಾಗುವುದೂ ಅದೇ ಬಂಡೆ, ಅದೇ ಸೆಳವು. ಅಂದರೆ ಖನಿಜ ಇರುವ ಕಡೆ, ಅದೇ ಖನಿಜದ ಮೇಲೆ ಕಾಲೂರಿ, ಹವಳ ಮತ್ತು ಸ್ಪಂಜು ಇರುವ ಸಂಭವ ಹೆಚ್ಚು. ಪದರ ತೆಗೆಯುವುದು ಅಂದರೆ ಬಂಡೆಯ ಮೇಲ್ಮೈಯನ್ನೇ ಕೆರೆದು ತೆಗೆಯುವುದು. ಟ್ರಾಲ್ ಬಲೆ ಹವಳವನ್ನು ಕೀಳುತ್ತದೆ, ಕಲ್ಲು ಉಳಿಯುತ್ತದೆ. ಇಲ್ಲಿ ಕಲ್ಲಿನ ಆ ಮೈಯೇ ಹೋಗುತ್ತದೆ. ಏಳುವ ಧೂಳು ಸೆಳವಿನಲ್ಲಿ ಹೋಗಿ, ನೀರು ಸೋಸಿ ತಿನ್ನುವವರ ಮೇಲೆ ಕೂರುತ್ತದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಅನ್ವೇಷಣೆ ಆಗಲಿ. ಅನ್ವೇಷಣೆಯ ಒಪ್ಪಂದ 15 ವರ್ಷದ್ದು, ಅದರಲ್ಲಿ ಪರಿಸರದ ಮೂಲ ಸ್ಥಿತಿ ದಾಖಲಿಸುವುದು ಕಡ್ಡಾಯ. ಅಷ್ಟು ಹಣ, ಅಷ್ಟು ಹಡಗಿನ ದಿನಗಳು ಬೇರೆ ಯಾವ ನೆಪದಲ್ಲೂ ನಮಗೆ ಸಿಗುವುದಿಲ್ಲ. ಆದರೆ ಆ ದಾಖಲೆ ಹೇಗಿರಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಡೇವಿಡ್ಸನ್ 42 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲ. ನಿಕಿಟಿನ್ ವಿಸ್ತಾರ ಅದರ ನೂರು ಪಟ್ಟಿಗೂ ಜಾಸ್ತಿ. ಆ ಸಣ್ಣ ಬೆಟ್ಟದಲ್ಲೇ, 2002ರಲ್ಲಿ ಕ್ಯಾಮೆರಾ ಇಳಿಸಿದ ಮೇಲೂ 20,000 ಆಕ್ಟೋಪಸ್‌ಗಳು 16 ವರ್ಷ ಕಣ್ಣಿಗೆ ಬೀಳಲಿಲ್ಲ. ಇಲ್ಲಿ ಕೆಲವು ಕಡೆ ಕ್ಯಾಮೆರಾ ಇಳಿಸಿ ‘ಏನೂ ವಿಶೇಷ ಇಲ್ಲ’ ಅಂತ ಬರೆದರೆ ಅದನ್ನು ನಾವು ಒಪ್ಪಬಾರದು. ತುದಿ, ಏಣು, ಇಳಿಜಾರು, ಬುಡ, ಪಕ್ಕದ ಸಣ್ಣ ಗುಡ್ಡಗಳು, ಎಲ್ಲ ಕಡೆ ಗೆರೆ ಹಾಕಿ ನೋಡಬೇಕು. ಅದೇ ಗೆರೆಗೆ ವರ್ಷಗಳ ನಂತರ ಮತ್ತೆ ಹೋಗಬೇಕು. ತೆಗೆದ ವಿಡಿಯೋ ಎಲ್ಲರಿಗೂ ನೋಡಲು ಸಿಗಬೇಕು. ಯಾವ ಭಾಗವನ್ನು ಎಂದೂ ಮುಟ್ಟುವುದಿಲ್ಲ ಅಂತ ಮೊದಲೇ ಗುರುತು ಮಾಡಬೇಕು.

ಇದಕ್ಕೆ ಬೇಕಾದ ಸಾಮರ್ಥ್ಯ ನಮ್ಮಲ್ಲಿ ಬೆಳೆಯುತ್ತಿದೆ. ಕೇಂದ್ರ ಸರ್ಕಾರ 2021ರಲ್ಲಿ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಡಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ‘ಮತ್ಸ್ಯ 6000’ ಎಂಬ ವಾಹನ ಕಟ್ಟುತ್ತಿದೆ. ಮೂರು ಜನ ಕೂತು 6,000 ಮೀಟರ್ ಆಳಕ್ಕೆ ಹೋಗುವ ಗುರಿ. ಸುದ್ದಿಯಲ್ಲಿ ಎಲ್ಲರೂ ಅದರಲ್ಲಿ ಜನ ಕೂರುವ ಟೈಟಾನಿಯಂ ಗೋಳದ ಬಗ್ಗೆ ಮಾತಾಡುತ್ತಾರೆ. ಅದು ಹೆಮ್ಮೆಯ ವಿಷಯವೇ. ಅದರ ಜೊತೆಗೆ ತಂದ ವಿಡಿಯೋವನ್ನು ವರ್ಷಗಟ್ಟಲೆ ಕೂತು ನೋಡುವ, ಜೀವಿಗಳಿಗೆ ಹೆಸರು ಹಚ್ಚುವ ಜನರನ್ನೂ ಅಷ್ಟೇ ಕಾಳಜಿಯಿಂದ ತಯಾರು ಮಾಡಬೇಕು ಅನ್ನುವುದು ನನ್ನ ಕೋರಿಕೆ.

ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಮುಖ್ಯವಾದ ಮೂರನ್ನು ಇಲ್ಲಿ ಕೊಟ್ಟಿದ್ದೇನೆ.

ಹಿರಿಯ ಮೀನುಗಾರರೊಬ್ಬರು ಕೇಳಿದರು: ‘ಇದರಿಂದ ನಮ್ಮ ಬಂಗುಡೆ, ಬೂತಾಯಿಗೆ ಏನಾದರೂ ಸಂಬಂಧ ಇದೆಯಾ?’

ನೇರ ಸಂಬಂಧ ಇಲ್ಲ. ಬಂಗುಡೆ, ಬೂತಾಯಿ ದಡದ ಹತ್ತಿರದ ಆಳವಿಲ್ಲದ ನೀರಿನ ಮೀನು. ಮಳೆಗಾಲದಲ್ಲಿ ಕೆಳಗಿನ ತಣ್ಣೀರು ಮೇಲೆ ಬರುವುದರ ಮೇಲೆ ಅವುಗಳ ಬೆಳೆ ನಿಂತಿದೆ. ಟ್ಯೂನಾ ಮಾತ್ರ ಬೇರೆ. ತುದಿ ಮೇಲ್ಮೈಗೆ ಹತ್ತಿರ ಇರುವ ಬೆಟ್ಟಗಳ ಸುತ್ತ ಟ್ಯೂನಾ ಸೇರುತ್ತದೆ. ರಾತ್ರಿ ಮೇಲೆ ಬಂದ ಸಣ್ಣ ಜೀವಿಗಳು ಬೆಳಗ್ಗೆ ಕೆಳಗಿಳಿಯುವಾಗ ಬೆಟ್ಟದ ತುದಿ ಅಡ್ಡ ಬರುತ್ತದೆ, ಅಲ್ಲಿ ಸಿಕ್ಕಿಬೀಳುತ್ತವೆ. ಅದು ದೊಡ್ಡ ಮೀನಿಗೆ ಅನುಕೂಲ.

ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ‘ನೀರಿನಲ್ಲಿ ಬಿದ್ದ ಡಿಎನ್‌ಎ ನೋಡಿಯೇ ಯಾರಿದ್ದಾರೆ ಅಂತ ಹೇಳಬಹುದಲ್ವಾ? ಅಷ್ಟು ದುಬಾರಿ ರೋಬೋಟ್ ಯಾಕೆ?’

ಒಳ್ಳೆಯ ದಾರಿ ಅದು, ಈಗ ಹಲವು ಕಡೆ ಬಳಸುತ್ತಿದ್ದಾರೆ. ಒಂದೆರಡು ಲೀಟರ್ ನೀರು ಸೋಸಿದರೆ ಬಹಳ ಜೀವಿಗಳ ಗುರುತು ಸಿಗುತ್ತದೆ. ತೊಂದರೆ ಎರಡು. ಆಳಕಡಲ ಅನೇಕ ಜೀವಿಗಳ ಡಿಎನ್‌ಎ ಹೋಲಿಸಿ ನೋಡಲು ಪಟ್ಟಿಯಲ್ಲೇ ಇಲ್ಲ. ಮೊದಲು ಯಾರಾದರೂ ಜೀವಿಯನ್ನು ತಂದು, ಗುರುತಿಸಿ, ಪಟ್ಟಿಗೆ ಸೇರಿಸಬೇಕು. ಎರಡನೆಯದು, ಸೆಳವು ಡಿಎನ್‌ಎಯನ್ನು ಹೊತ್ತುಕೊಂಡು ಹೋಗುತ್ತದೆ. ಈ ಬೆಟ್ಟದಲ್ಲಿ ಎಲ್ಲೋ ಇದೆ ಅಂತ ಹೇಳುತ್ತದೆ, ಯಾವ ಬಂಡೆಯ ಮೇಲೆ ಅಂತ ಹೇಳುವುದಿಲ್ಲ. ಎರಡನ್ನೂ ಜೊತೆಗೆ ಮಾಡಬೇಕು.

ಕೊನೆಯ ಪ್ರಶ್ನೆ ಪಿಯುಸಿ ಹುಡುಗನದು: ‘ಕನ್ನಡ ಮೀಡಿಯಂನಲ್ಲಿ ಓದಿದವರು ಇದಕ್ಕೆ ಹೋಗಬಹುದಾ? ಎಲ್ಲಿ ಓದಬೇಕು?’

ಖಂಡಿತ ಹೋಗಬಹುದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. ಸಂಶೋಧನೆಗೆ ಗೋವಾದ ದೋನಾ ಪೌಲಾದಲ್ಲಿರುವ ಸಾಗರ ವಿಜ್ಞಾನ ಸಂಸ್ಥೆ ನಮಗೆ ಪಕ್ಕದ ಮನೆಯಷ್ಟೇ ಹತ್ತಿರ. ಜೀವಶಾಸ್ತ್ರವೇ ಆಗಬೇಕು ಅಂತಿಲ್ಲ. ರೋಬೋಟ್ ನಡೆಸಲು ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್ ಓದಿದವರು ಬೇಕು. ನಕ್ಷೆಗೆ ಭೂವಿಜ್ಞಾನದವರು, ವಿಡಿಯೋ ಲೆಕ್ಕಕ್ಕೆ ಕಂಪ್ಯೂಟರ್ ಗೊತ್ತಿರುವವರು ಬೇಕು. ಇಂಗ್ಲಿಷ್ ಓದುತ್ತಾ ಓದುತ್ತಾ ಬರುತ್ತದೆ. ಸದ್ಯಕ್ಕೆ ಒಂದು ಕೆಲಸ ಮಾಡು. ನಾಟಿಲಸ್ ಹಡಗಿನವರು ರೋಬೋಟ್ ಇಳಿಸುವಾಗ ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರ ಮಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನೋಡುತ್ತಾ ಕೂತು ಪ್ರಶ್ನೆ ಬರೆದು ಕಳಿಸಬಹುದು. ಹಡಗಿನಲ್ಲಿರುವ ವಿಜ್ಞಾನಿಗಳು ಅಲ್ಲೇ ಉತ್ತರ ಕೊಡುತ್ತಾರೆ.